ಪಡೆದ ಕೈಯೇ ನೀಡುವ ಕೈಯಾದಾಗ

ಅನ್ನದಾನಕ್ಕಿಂತ ವಿದ್ಯಾದಾನ ಮಿಗಿಲೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅನ್ನದ ತೃಪ್ತಿ ಒಂದು ಹೊತ್ತಿನದು, ವಿದ್ಯೆಯ ತೃಪ್ತಿ ಬಾಳಿಡೀ ಉಳಿಯುವಂಥದು ಎಂಬುದು ಅದರ ತಾತ್ಪರ್ಯ. ವಿದ್ಯೆಯನ್ನು ದಾನ ಮಾಡಿದವರ ಹೆಸರುಗಳನ್ನು ನಾವು ಕಲ್ಲಿನಲ್ಲಿ ಕೊರೆಯಿಸಿದ್ದೇವೆ, ಶಾಲೆಗಳ ಗೋಡೆಗಳ ಮೇಲೆ ಬರೆಯಿಸಿದ್ದೇವೆ. ಆದರೆ ಅದನ್ನು ಪಡೆದವರ ಮನಸ್ಸಿನೊಳಗೆ ಏನಿತ್ತೆಂದು ಕೇಳಿದವರು ಕಡಿಮೆ.

ವಾರಾನ್ನದ ಮೇಲೆ ಓದಿದ ಹಿರಿಯರ ನೆನಪು ನಮ್ಮಲ್ಲಿ ಅನೇಕ ಕುಟುಂಬಗಳಲ್ಲಿದೆ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ, ಹೀಗೆ ಏಳು ಮನೆಗಳ ಅನ್ನ ಉಂಡು ಅವರು ಪರೀಕ್ಷೆಗಳನ್ನು ಪಾಸು ಮಾಡಿದರು. ಆ ಮನೆಗಳ ಋಣವನ್ನು ಕೊನೆಯವರೆಗೂ ಸ್ಮರಿಸಿದರು. ಹಾಗೆಯೇ, ಎಲೆಯ ಮುಂದೆ ಕುಳಿತಾಗ ತಾವು ತಲೆ ತಗ್ಗಿಸಿದ್ದನ್ನೂ, ಎರಡನೆಯ ಸಲ ಅನ್ನ ಬೇಕೆಂದು ಕೇಳಲು ನಾಚಿದ್ದನ್ನೂ ಅವರು ಮರೆಯಲಿಲ್ಲ. ಕೊಡುವವನು ಎಷ್ಟೇ ಸಜ್ಜನನಾಗಿರಲಿ, ಪಡೆಯುವವನ ಕೈ ಕೆಳಗೇ ಇರುತ್ತದೆ.

ತಲೆ ತಗ್ಗಿಸದಂತೆ ನೆರವಾಗುವುದು ಸಾಧ್ಯವೇ? ಇಂದು ಪಡೆಯುತ್ತಿರುವ ಮಗು ಮುಂದೊಂದು ದಿನ ಕೊಡುವವರ ಪೀಠದಲ್ಲಿ ಕುಳಿತುಕೊಳ್ಳುವಂತೆ ಮಾಡಬಹುದೇ? ಈ ಪ್ರಶ್ನೆಗಳಿಗೆ ಮೂವತ್ತಕ್ಕೂ ಮಿಕ್ಕ ವರ್ಷಗಳಿಂದ ಉತ್ತರ ಹುಡುಕುತ್ತಿರುವ ಒಂದು ಸಂಸ್ಥೆಯ, ಹಾಗೂ ಅದನ್ನು ಮುನ್ನಡೆಸಿದವರ ಕಥೆಯನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ. ಕ್ಯಾಮ್‌ಫೆಡ್ ಎಂಬುದು ಅದರ ಹೆಸರು. ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ, ಬೇರು ಬಿಟ್ಟದ್ದು ಆಫ್ರಿಕಾ ಖಂಡದ ಹಳ್ಳಿಗಳಲ್ಲಿ.

ನದಿಯ ಎರಡು ದಡಗಳ ಜನ

ಕಥೆಯ ಆರಂಭ ಜಿಂಬಾಬ್ವೆ ದೇಶದ ಉತ್ತರದ ಗಡಿಯಲ್ಲಿ, ಮೋಲಾ ಎಂಬ ಊರಿನಲ್ಲಿದೆ. ಅಲ್ಲಿಯವರು ಟೋಂಗಾ ಭಾಷೆಯನ್ನಾಡುವ ಜನ. ತಲೆತಲಾಂತರಗಳಿಂದ ಅವರು ಜಾಂಬೆಜಿ ಮಹಾನದಿಯ ಎರಡೂ ದಡಗಳಲ್ಲಿ ಬಾಳಿದವರು. ನದಿಯ ಉತ್ತರಕ್ಕೆ ಒಂದು ಸರಕಾರ, ದಕ್ಷಿಣಕ್ಕೆ ಇನ್ನೊಂದು ಸರಕಾರ ಎಂದು ವಸಾಹತು ಆಡಳಿತದವರು ನಕಾಶೆಯಲ್ಲಿ ಗೆರೆ ಎಳೆದರೂ, ಅವರಿಗೆ ಅದು ಒಂದೇ ನಾಡಾಗಿತ್ತು. ಮರದ ದೋಣಿಯಲ್ಲಿ ದಾಟಿದರೆ ಆಚೆ ದಡದಲ್ಲಿ ಮಾವನ ಮನೆ, ಈಚೆ ದಡದಲ್ಲಿ ತವರು.

1950ರ ದಶಕದಲ್ಲಿ ಆ ನದಿಗೆ ಕರೀಬಾ ಎಂಬಲ್ಲಿ ಅಣೆಕಟ್ಟು ಕಟ್ಟಲಾಯಿತು. 1957 ಮತ್ತು 1958ರ ಮಹಾಪೂರಗಳು ಕಾಮಗಾರಿಯನ್ನು ಕೊಚ್ಚಿದಾಗ, ಸರ್ಪರೂಪಿಯಾದ ತಮ್ಮ ನದಿದೈವ ನ್ಯಾಮಿನ್ಯಾಮಿ ಮುನಿದಿದ್ದಾನೆಂದು ಟೋಂಗಾ ಜನ ನಂಬಿದರು. ಆದರೂ 1958ರ ಕೊನೆಯಲ್ಲಿ ನೀರನ್ನು ತಡೆಯಲಾಯಿತು. ನೀರಿನ ಗಾತ್ರದಲ್ಲಿ ಜಗತ್ತಿನ ಅತಿ ದೊಡ್ಡ ಮಾನವನಿರ್ಮಿತ ಸರೋವರ ಅಲ್ಲಿ ತುಂಬಿಕೊಂಡಿತು. ಎರಡೂ ದಡಗಳಿಂದ ಸುಮಾರು 57,000 ಮಂದಿ ಮನೆ, ಗದ್ದೆ, ಪಿತೃಗಳ ಸಮಾಧಿಗಳನ್ನು ಬಿಟ್ಟು ಒಣ ನೆಲಕ್ಕೆ ಹೋಗಬೇಕಾಯಿತು. ದೋಣಿಯಲ್ಲಿ ದಾಟುತ್ತಿದ್ದ ನದಿ ಕಣ್ಣಿಗೆಟುಕದ ಕಡಲಾಯಿತು. ಬಂಧುಗಳು ಎರಡು ದೇಶಗಳ ಪ್ರಜೆಗಳಾದರು. ಅಲ್ಲಿ ಉತ್ಪಾದನೆಯಾದ ವಿದ್ಯುತ್ತು ಗಣಿಗಳಿಗೂ ನಗರಗಳಿಗೂ ಹರಿಯಿತು. ನೆಲ ಕಳೆದುಕೊಂಡವರ ಗುಡಿಸಲುಗಳಲ್ಲಿ ದಶಕಗಳ ಕಾಲ ಕತ್ತಲೆಯೇ ಉಳಿಯಿತು.

1956ರ ನವೆಂಬರ್ 1ರಂದು ಎಳೆದ ಗೆರೆಗಳ ಈಚೆಗೆ ಉಳಿದ ನಮಗೆ ಈ ಸಂಗತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಮನೆಗಳು ಮುಳುಗಲಿಲ್ಲ, ನಿಜ. ಆದರೆ ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಆದಾಗ ಶಾಲೆಗೆ ಹೋಗುವ ಮಗುವಿನ ಮೇಲೆ ಬೀಳುವ ಭಾರ ಎಂಥದೆಂದು ನಾವು ಬಲ್ಲೆವು. ಟೋಂಗಾ ಮಕ್ಕಳೂ ಬಹುಕಾಲ ಶೋನಾ, ಎನ್‌ಡೆಬೆಲೆ, ಇಂಗ್ಲಿಷ್ ಭಾಷೆಗಳ ಶಾಲೆಗಳಲ್ಲಿ ಕಲಿತವರು. 2013ರಲ್ಲಿ ಜಾರಿಗೆ ಬಂದ ಜಿಂಬಾಬ್ವೆಯ ಸಂವಿಧಾನ ಮಾನ್ಯ ಮಾಡಿದ 16 ಭಾಷೆಗಳಲ್ಲಿ ಟೋಂಗಾ ಒಂದಾಯಿತು.

ಮೋಲಾಕ್ಕೆ ಬಂದ ಅಧ್ಯಾಪಿಕೆ

1991ರಲ್ಲಿ ಈ ಮೋಲಾಕ್ಕೆ ಒಬ್ಬ ಅಧ್ಯಾಪಿಕೆ ಬಂದರು. ಆನ್ ಕಾಟನ್ ಎಂಬ ಈ ಮಹಿಳೆ ವೇಲ್ಸ್ ಪ್ರಾಂತದ ಕಾರ್ಡಿಫ್‌ನವರು, 1950ರಲ್ಲಿ ಜನಿಸಿದವರು. ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿಯೇ ಶಾಲೆಯಿಂದ ಹೊರಗುಳಿದ ಹುಡುಗಿಯರಿಗಾಗಿ ದುಡಿದಿದ್ದರು. ಆಫ್ರಿಕಾದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಏಕೆ ಶಾಲೆಗೆ ಬರುವುದಿಲ್ಲ ಎಂಬುದನ್ನು ಅಭ್ಯಸಿಸುವುದು ಅವರ ಪ್ರಯಾಣದ ಉದ್ದೇಶವಾಗಿತ್ತು.

ಈ ಪ್ರಶ್ನೆಗೆ ಪಂಡಿತರ ಬಳಿ ಸಿದ್ಧ ಉತ್ತರವೊಂದಿತ್ತು. ಅಲ್ಲಿಯ ಸಂಪ್ರದಾಯವೇ ಹಾಗೆ, ತಾಯ್ತಂದೆಯರಿಗೆ ಹೆಣ್ಣುಮಕ್ಕಳ ಓದು ಬೇಕಿಲ್ಲ ಎಂಬುದೇ ಆ ಉತ್ತರ. ಕಾಟನ್ ಅವರು ಊರಿನ ಹಿರಿಯರೊಡನೆ, ತಾಯ್ತಂದೆಯರೊಡನೆ ಕುಳಿತು ಕೇಳಿದಾಗ ತಿಳಿದದ್ದು ಬೇರೆ. ಮಗಳು ಓದಲಿ ಎಂಬ ಆಸೆ ಪ್ರತಿ ಮನೆಯಲ್ಲಿತ್ತು, ಇಲ್ಲದಿದ್ದುದು ಹಣ. ಪ್ರೌಢಶಾಲೆಗೆ ಶುಲ್ಕ ಕಟ್ಟಬೇಕು, ಸಮವಸ್ತ್ರ ಹೊಲಿಸಬೇಕು, ಪುಸ್ತಕ ಕೊಳ್ಳಬೇಕು. ಒಂದೇ ಮಗುವನ್ನು ಕಳುಹಿಸುವಷ್ಟು ಶಕ್ತಿ ಇದ್ದರೆ, ಮುಂದೆ ಸಂಬಳದ ಕೆಲಸ ಸಿಗುವ ಸಂಭವ ಯಾರಿಗೆ ಹೆಚ್ಚೋ ಅವರನ್ನೇ ಕಳುಹಿಸುವುದು ಬಡವನ ಲೆಕ್ಕಾಚಾರ. ಆ ಸಂಭವ ಗಂಡುಮಗುವಿಗೇ ಹೆಚ್ಚು. ಹೀಗಾಗಿ ಮೋಲಾದ ಪ್ರೌಢಶಾಲೆಯಲ್ಲಿ ಏಳು ಹುಡುಗರಿಗೆ ಒಬ್ಬ ಹುಡುಗಿಯಿದ್ದಳು.

ಆ ಊರಿನಲ್ಲಿ ಕಾಟನ್ ಅವರು ಇಬ್ಬರು ಅಕ್ಕತಂಗಿಯರನ್ನು ಕಂಡರು. ತಮ್ಮ ಊರಿನ ಶಾಲೆಗಿಂತ ಮೋಲಾದಲ್ಲಿ ಶುಲ್ಕ ಕಡಿಮೆಯೆಂದು ತಿಳಿದು, ಆ ಮಕ್ಕಳು ಸುಮಾರು ನೂರು ಕಿಲೋಮೀಟರು ನಡೆದು ಬಂದಿದ್ದರು. ಶಾಲೆಯ ಬಳಿ ತಾತ್ಕಾಲಿಕವಾದೊಂದು ಗುಡಿಸಲಿನಲ್ಲಿ, ಹಿರಿಯರ ರಕ್ಷಣೆಯಿಲ್ಲದೆ, ತಾವೇ ಅಡುಗೆ ಮಾಡಿಕೊಂಡು ಓದುತ್ತಿದ್ದರು. ವಿದ್ಯೆಯಲ್ಲಿ ಆಸಕ್ತಿಯಿಲ್ಲದ ಸಮಾಜವೆಂದು ಇವರನ್ನು ಕರೆಯಲು ಯಾರಿಗೆ ತಾನೇ ನಾಲಗೆ ಏಳೀತು?

ಕಾಲವೂ ಪ್ರತಿಕೂಲವಾಗಿತ್ತು. 1980ರಲ್ಲಿ ಸ್ವತಂತ್ರವಾದ ಜಿಂಬಾಬ್ವೆ ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಸಿ, ಹಳ್ಳಿಹಳ್ಳಿಗಳಲ್ಲಿ ಶಾಲೆ ತೆರೆದು ಹೆಸರು ಗಳಿಸಿತ್ತು. 1991ರಿಂದ ಆರ್ಥಿಕ ಮರುಹೊಂದಾಣಿಕೆಯ ಹೆಸರಿನಲ್ಲಿ ಸರಕಾರದ ಖರ್ಚು ಕಡಿತಗೊಂಡಿತು. 1991-92ರಲ್ಲಿ ಭೀಕರ ಬರ ಬಂತು. ಅದರ ಬೆನ್ನಿಗೇ ಏಡ್ಸ್ ರೋಗ ಹರಡಿ ಎಷ್ಟೋ ಮಕ್ಕಳನ್ನು ಅನಾಥರನ್ನಾಗಿಸಿತು. ಇಂಥ ಹೊತ್ತಿನಲ್ಲಿ ಮನೆಯ ಖರ್ಚಿನಿಂದ ಮೊದಲು ಕಳಚುವುದು ಮಗಳ ಶಾಲೆ.

ಕೇಕು ಮಾರಿದ ಹಣ

ಕೇಂಬ್ರಿಜ್‌ಗೆ ಮರಳಿದ ಕಾಟನ್ ಅವರ ಬಳಿ ದೊಡ್ಡ ಧನಿಕರ ಬೆಂಬಲವಿರಲಿಲ್ಲ. ಮನೆಯ ಅಡುಗೆಕೋಣೆಯಲ್ಲಿ ಕೇಕು ತಯಾರಿಸಿ ಊರ ಮಾರುಕಟ್ಟೆಯಲ್ಲಿ ಮಾರಿದರು. ಗೆಳೆಯರಿಂದ, ಪರಿಚಿತರಿಂದ ಕೈಲಾದಷ್ಟು ಕೂಡಿಸಿದರು. ಆ ಹಣದಿಂದ ಮೊದಲಿಗೆ 32 ಹುಡುಗಿಯರು ಪ್ರೌಢಶಾಲೆಗೆ ಸೇರಿದರು. 1993ರಲ್ಲಿ ಈ ಪ್ರಯತ್ನ ಒಂದು ಸಂಸ್ಥೆಯ ರೂಪ ತಾಳಿತು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಆಂದೋಲನ ಎಂಬರ್ಥದ ಇಂಗ್ಲಿಷ್ ಪದಗಳ ಸಂಕ್ಷೇಪವೇ ಕ್ಯಾಮ್‌ಫೆಡ್.

ಜಿಂಬಾಬ್ವೆಯಿಂದ ಅದು ಘಾನಾ, ಜಾಂಬಿಯಾ, ಟಾಂಜಾನಿಯಾ, ಮಲಾವಿ ದೇಶಗಳಿಗೆ ವ್ಯಾಪಿಸಿತು. ಸಂಖ್ಯೆಗಳು ಬೆಳೆದವು, ಪ್ರಶಸ್ತಿಗಳು ಬಂದವು. 2014ರಲ್ಲಿ ಕಾಟನ್ ಅವರಿಗೆ ಶಿಕ್ಷಣಕ್ಷೇತ್ರದ ವೈಸ್ ಪ್ರಶಸ್ತಿ ದೊರೆಯಿತು. ಹೊರದೇಶದ ದಯಾಳುಗಳು ಬಡ ಮಕ್ಕಳಿಗೆ ನೆರವಾಗುವುದು ಹೊಸ ಸಂಗತಿಯಲ್ಲ. ಮಿಶನರಿಗಳ ಕಾಲದಿಂದ ನಾವು ಅದನ್ನು ಕಂಡಿದ್ದೇವೆ. ನಮ್ಮ ಗಮನ ಸೆಳೆದದ್ದು ಆ ನೆರವನ್ನು ನಡೆಸಿದ ಕ್ರಮ.

ಲೆಕ್ಕ ಒಪ್ಪಿಸಬೇಕಾದದ್ದು ಯಾರಿಗೆ?

ಧರ್ಮಸಂಸ್ಥೆಯೊಂದು ಸಾಮಾನ್ಯವಾಗಿ ಲೆಕ್ಕ ಒಪ್ಪಿಸುವುದು ದಾನಿಗಳಿಗೆ. ಎಷ್ಟು ಬಂತು, ಎಷ್ಟು ಹೋಯಿತು ಎಂದು ವರದಿ ಅಚ್ಚಾಗುತ್ತದೆ. ಯಾರಿಗಾಗಿ ಹಣ ಬಂತೋ ಅವರಿಗೆ ಆ ವರದಿ ತಲುಪುವುದೇ ಇಲ್ಲ. ಕ್ಯಾಮ್‌ಫೆಡ್ ಈ ಪದ್ಧತಿಯನ್ನು ತಿರುಗಿಸಿ, ತಾನು ಲೆಕ್ಕ ಒಪ್ಪಿಸಬೇಕಾದದ್ದು ಆ ಹುಡುಗಿಗೆ ಎಂಬ ತತ್ತ್ವವನ್ನಿಟ್ಟುಕೊಂಡಿತು. ಅದರ ಆಡಳಿತಕ್ರಮವನ್ನು ಪರಿಶೀಲಿಸಿದ ಲಿಂಕ್ಲೇಟರ್ಸ್ ಎಂಬ ವಕೀಲರ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯ ಶೀರ್ಷಿಕೆಯಲ್ಲಿಯೇ ಈ ಮಾತಿದೆ.

ಕಾರ್ಯರೂಪದಲ್ಲಿ ಇದರ ಅರ್ಥವೇನು? ತನಗೆ ಏನೇನು ಸಲ್ಲಬೇಕೆಂಬುದು ಹುಡುಗಿಗೆ ಮೊದಲೇ ತಿಳಿದಿರುತ್ತದೆ: ಶಾಲಾ ಶುಲ್ಕ, ಸಮವಸ್ತ್ರ, ಪಾದರಕ್ಷೆ, ಬರೆಯುವ ಸಾಮಗ್ರಿ, ತಿಂಗಳ ದಿನಗಳಿಗೆ ಬೇಕಾಗುವ ಬಟ್ಟೆ, ದೂರದವಳಾದರೆ ವಸತಿಯ ಖರ್ಚು. ಇವು ಪೂರ್ತಿಯಾಗಿ ಸಿಗದಿದ್ದರೆ ಕೇಳುವ ಹಕ್ಕು ಅವಳದು. ಶುಲ್ಕವೊಂದನ್ನೇ ಕಟ್ಟಿದರೆ ಮಗು ಶಾಲೆಯಲ್ಲಿ ನಿಲ್ಲುವುದಿಲ್ಲವೆಂಬುದು ಅನುಭವದಿಂದ ಕಲಿತ ಪಾಠ. ಚಪ್ಪಲಿಯಿಲ್ಲದ ಅವಮಾನಕ್ಕೆ, ಬಟ್ಟೆ ಕಲೆಯಾದೀತೆಂಬ ಭಯಕ್ಕೆ ಶಾಲೆ ಬಿಟ್ಟ ಹುಡುಗಿಯರು ಎಷ್ಟಿಲ್ಲ! ಹೆಣ್ಣುಮಕ್ಕಳನ್ನು ಓದಿಸಿದ ನಮ್ಮ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಯಾವ ಮಗುವಿಗೆ ನೆರವು ಸಲ್ಲಬೇಕೆಂಬುದನ್ನು ಕೇಂಬ್ರಿಜ್‌ನ ಕಚೇರಿ ನಿರ್ಧರಿಸುವುದಿಲ್ಲ. ಪ್ರತಿ ಜಿಲ್ಲೆಯಲ್ಲಿ ಒಂದು ಸಮಿತಿಯಿದೆ. ಅದರಲ್ಲಿ ಶಿಕ್ಷಣಾಧಿಕಾರಿಗಳು, ಅಧ್ಯಾಪಕರು, ದಾದಿಯರು, ಪೋಲೀಸರು, ಊರ ಮುಖಂಡರು, ತಾಯ್ತಂದೆಯರು ಇರುತ್ತಾರೆ. ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ, ಯಾವ ಮಗು ಅಜ್ಜಿಯ ಆಸರೆಯಲ್ಲಿದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಬೇರಿಲ್ಲ. ಪ್ರತಿ ಶಾಲೆಯಲ್ಲಿ ತರಬೇತಿ ಪಡೆದ ಅಧ್ಯಾಪಿಕೆಯೊಬ್ಬರು ಹುಡುಗಿಯರ ಕಷ್ಟಸುಖ ಕೇಳುತ್ತಾರೆ. ತಾಯಂದಿರ ಗುಂಪುಗಳು ಶಾಲೆಯಲ್ಲಿ ಊಟ ಬೇಯಿಸುವುದರಿಂದ ಹಿಡಿದು, ಶಾಲೆ ಬಿಟ್ಟ ಮಗುವಿನ ಮನೆಗೆ ಹೋಗಿ ಮಾತನಾಡುವವರೆಗಿನ ಕೆಲಸಗಳನ್ನು ಕೈಗೆತ್ತಿಕೊಳ್ಳುತ್ತವೆ.

ಊರಿನವರನ್ನು ನಂಬುವುದರ ಬೆಲೆ ಕಷ್ಟಕಾಲದಲ್ಲಿ ತಿಳಿಯುತ್ತದೆ. 2008ರಲ್ಲಿ ಜಿಂಬಾಬ್ವೆಯ ಹಣ ಕಾಗದದ ಚೂರಾಯಿತು. ಮರುವರ್ಷದ ಜನವರಿಯಲ್ಲಿ ನೂರು ಲಕ್ಷ ಕೋಟಿ ಡಾಲರಿನ ಒಂದೇ ನೋಟು ಅಚ್ಚಾಯಿತೆಂದರೆ ಅಲ್ಲಿಯ ಅವಸ್ಥೆಯನ್ನು ವಾಚಕರು ಊಹಿಸಬಹುದು. ಸಂಬಳದಲ್ಲಿ ಒಂದು ರೊಟ್ಟಿಯೂ ಬಾರದಾದಾಗ ಅಧ್ಯಾಪಕರು ಊರು ಬಿಟ್ಟರು, ಗ್ರಾಮಾಂತರದ ಎಷ್ಟೋ ಶಾಲೆಗಳು ಬಾಗಿಲು ಹಾಕಿದವು. ಇಂಥ ಗಳಿಗೆಯಲ್ಲಿ ಹೊರಗಿನಿಂದ ಬಂದವರು ಹಿಂತಿರುಗಿ ಹೋಗಬಹುದು. ಆ ಊರನ್ನೇ ಮನೆಯಾಗಿಸಿಕೊಂಡ ತಾಯಂದಿರು ಎಲ್ಲಿಗೆ ಹೋಗಬೇಕು?

ಓದಿದವರ ಸಂಘ

1998ರಲ್ಲಿ ನಡೆದೊಂದು ಸಂಗತಿಯನ್ನು ಈ ಸಂಸ್ಥೆಯ ಎರಡನೆಯ ಜನ್ಮವೆನ್ನಬಹುದು. ಮೊದಲ ತಂಡಗಳ ಹುಡುಗಿಯರು ಆಗ ಪ್ರೌಢಶಾಲೆ ಮುಗಿಸಿ ಹೊರಬಂದಿದ್ದರು. ಹಳ್ಳಿಯಲ್ಲಿ ಓದಿದ ಹೆಣ್ಣಿಗೆ ಕೆಲಸವಿಲ್ಲ. ಓದಿದ್ದಾಳೆಂಬ ಕಾರಣಕ್ಕೆ ಹಳೆಯ ಬಾಳಿಗೆ ಹೊಂದಿಕೊಳ್ಳುವುದೂ ಕಷ್ಟ. ಈ ಇಕ್ಕಟ್ಟಿನಲ್ಲಿದ್ದ ಯುವತಿಯರು ಒಟ್ಟುಗೂಡಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಪರಸ್ಪರ ಆಸರೆಯಾಗುವುದು, ಸಣ್ಣ ಉದ್ಯೋಗ ಹೂಡುವುದು, ತಮ್ಮ ಹಿಂದೆ ಬರುವ ಹುಡುಗಿಯರ ಕೈ ಹಿಡಿಯುವುದು ಸಂಘದ ಉದ್ದೇಶಗಳಾದವು. ಸ್ಥಾಪಕ ಸದಸ್ಯೆಯರಲ್ಲಿ ಮುಂದೆ ವಕೀಲೆಯಾದ ಫಿಯೋನಾ ಮಾವ್ಹಿಂಗಾ ಇದ್ದರು. ಬಡ ರೈತ ಕುಟುಂಬದಿಂದ ಬಂದ, ಕ್ಯಾಮ್‌ಫೆಡ್‌ನ ನೆರವು ಪಡೆದ ಮೊದಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ಆಂಜೆಲಿನ್ ಮುರಿಮಿರ್ವಾ ಇದ್ದರು.

ಇಂದು ಆ ಸಂಘದ ಸದಸ್ಯೆಯರ ಸಂಖ್ಯೆ 2 ಲಕ್ಷವನ್ನು ಮೀರಿದೆ. ಇವರು ಅಧ್ಯಾಪಿಕೆಯರು, ದಾದಿಯರು, ವೈದ್ಯೆಯರು, ಕೃಷಿಕರು, ಅಂಗಡಿ ನಡೆಸುವವರು. ಒಬ್ಬೊಬ್ಬರೂ ಸರಾಸರಿ ಮೂವರು ಮಕ್ಕಳ ಓದಿಗೆ ತಮ್ಮ ಕೈಯಿಂದಲೇ ನೆರವಾಗುತ್ತಾರೆಂದು ಸಂಸ್ಥೆ ಹೇಳುತ್ತದೆ. ಹಾಗೆಂದು ಯಾರೂ ಅವರಿಗೆ ಕಟ್ಟಳೆ ವಿಧಿಸಿದ್ದಿಲ್ಲ. ಹಸಿವೆಯಿಂದ ತರಗತಿಯಲ್ಲಿ ಕುಳಿತವಳಿಗೆ ಹಸಿದ ಮಗುವಿನ ಮುಖ ಗುರುತಾಗುತ್ತದೆ.

ಅವರು ರೂಪಿಸಿಕೊಂಡ ಒಂದು ಪದ್ಧತಿಯನ್ನು ನಮ್ಮ ಸಹಕಾರಿ ಸಂಘಗಳವರು ಗಮನಿಸಬೇಕು. ಸಣ್ಣ ಉದ್ಯೋಗ ಆರಂಭಿಸಲು ಯುವತಿಗೆ ಬಡ್ಡಿಯಿಲ್ಲದ ಸಾಲ ದೊರೆಯುತ್ತದೆ. ಬಡ್ಡಿಯ ಬದಲಿಗೆ ಅವಳು ಸಲ್ಲಿಸುವುದು ಸೇವೆ. ವಾರಕ್ಕೆ ಕನಿಷ್ಠ ಎರಡೂವರೆ ಗಂಟೆ ತನ್ನೂರಿನ ಶಾಲೆಗೆ ಹೋಗಿ, ಮಕ್ಕಳೊಡನೆ ಕುಳಿತು, ಪಠ್ಯಪುಸ್ತಕದಲ್ಲಿಲ್ಲದ ವಿಷಯಗಳನ್ನು ಮಾತನಾಡುತ್ತಾಳೆ: ಧೈರ್ಯ, ಗುರಿ, ಆರೋಗ್ಯ, ಓದುವ ಕ್ರಮ. ಶಾಲೆಗೆ ಬಾರದ ಮಗುವಿನ ಮನೆಯನ್ನು ಹುಡುಕಿಕೊಂಡು ಹೋಗುತ್ತಾಳೆ. ಹೀಗೆ ದುಡಿದವರಿಗೆ ಪಿಯರ್ಸನ್ ಸಂಸ್ಥೆಯ ಪ್ರಮಾಣಪತ್ರ ಪಡೆದು ಅಧ್ಯಾಪಕ ವೃತ್ತಿಯತ್ತ ಸಾಗುವ ದಾರಿಯೂ ಇದೆ. ಟಾಂಜಾನಿಯಾದ ಶಾಲೆಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ನೆರವು ಪಡೆದ ಹುಡುಗಿಯರಷ್ಟೇ ಅಲ್ಲದೆ ಅದೇ ಶಾಲೆಯ ಇತರ ಮಕ್ಕಳ, ಹುಡುಗರ ಕಲಿಕೆಯೂ ಸುಧಾರಿಸಿದ್ದು ಕಂಡುಬಂತು.

ಪೀಠ ಕೈಮಾರಿದ ಬಗೆ

ಸಂಸ್ಥೆಯನ್ನು ಕಟ್ಟಿದವರು ಅದನ್ನು ಬಿಟ್ಟುಕೊಡುವುದು ಕಷ್ಟದ ಕೆಲಸ. ನಮ್ಮ ಸಂಘಗಳಲ್ಲಿಯೂ ಸ್ಥಾಪಕರೇ ಆಜೀವ ಅಧ್ಯಕ್ಷರಾಗಿದ್ದು, ಅವರ ನಂತರ ಬಾಗಿಲಿಗೆ ಬೀಗ ಬಿದ್ದುದನ್ನು ಕಂಡಿದ್ದೇವೆ. ಆನ್ ಕಾಟನ್ ಅವರು 2012ರಲ್ಲಿ ಮುಖ್ಯಾಧಿಕಾರಿಯ ಸ್ಥಾನವನ್ನು ಲೂಸಿ ಲೇಕ್ ಅವರಿಗೆ ವಹಿಸಿಕೊಟ್ಟರು. ಲೇಕ್ ಅವರೂ ಜಿಂಬಾಬ್ವೆಯಲ್ಲಿ ಪಾಠ ಹೇಳಿ, 1994ರಲ್ಲಿ ಸಂಸ್ಥೆಯನ್ನು ಸೇರಿದವರು. ಅದೇ ಅವಧಿಯಲ್ಲಿ ಮುರಿಮಿರ್ವಾ ಮೊದಲು ಜಿಂಬಾಬ್ವೆ ಶಾಖೆಯ, ಬಳಿಕ ಆಫ್ರಿಕಾದ ಎಲ್ಲ ಕಾರ್ಯಗಳ ಹೊಣೆ ಹೊತ್ತರು. 2020ರಲ್ಲಿ ಯಿದಾನ್ ಪ್ರಶಸ್ತಿ ಈ ಇಬ್ಬರಿಗೆ ಜೊತೆಯಾಗಿ ಸಂದಿತು. 2021ರಲ್ಲಿ ಕಾನ್ರಾಡ್ ಹಿಲ್ಟನ್ ಮಾನವಸೇವಾ ಪ್ರಶಸ್ತಿ ಸಂಸ್ಥೆಗೆ ಬಂತು.

2023ರಲ್ಲಿ ಆಂಜೆಲಿನ್ ಮುರಿಮಿರ್ವಾ ಇಡೀ ಸಂಸ್ಥೆಯ ಮುಖ್ಯಾಧಿಕಾರಿಯಾದರು. ಕೇಂಬ್ರಿಜ್‌ನ ಮಾರುಕಟ್ಟೆಯಲ್ಲಿ ಕೇಕು ಮಾರುವುದರಿಂದ ಶುರುವಾದ ಸಂಸ್ಥೆಯನ್ನು, ಅದೇ ಸಂಸ್ಥೆಯ ನೆರವಿನಿಂದ ಓದಿದ ಹಳ್ಳಿಯ ಹುಡುಗಿ ನಡೆಸತೊಡಗಿದಳು. ಮುರಿಮಿರ್ವಾ ಅವರನ್ನು ಅಲ್ಲಿ ಕೂರಿಸಿದ್ದು ಕರುಣೆಯಲ್ಲ. ಇಪ್ಪತ್ತೈದು ವರ್ಷ ಹಳ್ಳಿಗಳಲ್ಲಿ ದುಡಿದು, ಕೆಲಸವನ್ನು ಕೆಳಗಿನಿಂದ ಕಲಿತು ಅವರು ಮೇಲೆ ಬಂದರು. ಅರ್ಜಿ ಹಿಡಿದು ನಿಂತವರ ಸಂಕೋಚವನ್ನೂ, ಅರ್ಜಿ ಓದುವವರ ಇಕ್ಕಟ್ಟನ್ನೂ ಬಲ್ಲ ಅಧಿಕಾರಿಗಳು ಎಷ್ಟು ಮಂದಿ ಇದ್ದಾರು?

ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು. ಮಕ್ಕಳ ಓದು ಸರಕಾರದ ಕರ್ತವ್ಯವಾಗಿರುವಾಗ ಪರದೇಶದ ದಾನ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದುದೇ. ಹಣದ ದೊಡ್ಡ ಪಾಲು ಇನ್ನೂ ಶ್ರೀಮಂತ ದೇಶಗಳಿಂದಲೇ ಬರಬೇಕು. ಅಲ್ಲಿಯ ದಾನಿಗಳ ಮನಸ್ಸು ಬದಲಾದರೆ ಇಲ್ಲಿಯ ಮಗುವಿನ ಪುಸ್ತಕ ಮುಚ್ಚುವ ಭಯ ತಪ್ಪಿದ್ದಲ್ಲ. ಓದಿದವರಿಗೆಲ್ಲ ಉದ್ಯೋಗವೂ ಸಿಕ್ಕಿಲ್ಲ. ಆದರೂ ಓದಿದ ಮಗಳು ಊರಲ್ಲೇ ನಿಂತು ಇನ್ನೊಬ್ಬಳನ್ನು ಓದಿಸಿದರೆ, ದೂರದ ಹಣ ನಿಂತ ದಿನವೂ ಉಳಿಯುವ ಒಂದು ಆಸ್ತಿ ಅಲ್ಲಿ ಇರುತ್ತದೆ.

ನಮ್ಮ ನೆಲದ ಒಂದು ನೆನಪು

ಈ ಮಾತು ನಮ್ಮ ನೆಲಕ್ಕೆ ಹೊಸತಲ್ಲ. 1859ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜನರ ಬಹಿಷ್ಕಾರವನ್ನುಂಡರೂ ಹಿಂಜರಿಯಲಿಲ್ಲ. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ, ಅದು ಕುಳಿತ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಿದರೆ ಬಾಳು ಸಾರ್ಥಕವೆಂಬ ಅವರ ಹಾರೈಕೆ ನಮ್ಮ ಕಡೆ ಮನೆಮಾತಾಗಿದೆ. ತಾನು ಕೊಟ್ಟವನಿಂದ ನಮಸ್ಕಾರವನ್ನು ಬಯಸದೆ, ಅವನು ತನ್ನನ್ನು ದಾಟಿ ಹೋಗಲೆಂದು ಬಯಸಿದವರು ರಂಗರಾಯರು. ಮೋಲಾದ ಗುಡಿಸಲಿನಿಂದ ಆರಂಭವಾದ ಕಥೆ ನಮಗೆ ಅವರನ್ನೇ ನೆನಪಿಸಿತು.

ಶಾಲೆ ತೆರೆಯುವ ತಿಂಗಳಲ್ಲಿ ನಮ್ಮ ಸಂಘಗಳು ಪುಸ್ತಕ ಹಂಚುತ್ತವೆ, ವಿದ್ಯಾರ್ಥಿವೇತನ ಕೊಡುತ್ತವೆ. ಮಕ್ಕಳನ್ನು ವೇದಿಕೆಗೆ ಕರೆದು, ಹೆಸರು ಕೂಗಿ, ದಾನಿಗಳ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆಯುತ್ತೇವೆ. ನಮ್ಮದು ಸದುದ್ದೇಶವೇ. ಆದರೆ ಆ ಮಗುವಿನ ಕಣ್ಣು ಆಗ ಎಲ್ಲಿ ನೆಟ್ಟಿರುತ್ತದೆಂದು ಒಮ್ಮೆ ನೋಡೋಣ. ಮುಂದಿನ ಸಲ ಆ ಚಿತ್ರವನ್ನು ಬಿಟ್ಟುಬಿಡಬಹುದು. ಹತ್ತು ವರ್ಷದ ಹಿಂದೆ ನಮ್ಮಿಂದ ಪುಸ್ತಕ ಪಡೆದವರು ಈಗ ಎಲ್ಲಿದ್ದಾರೆಂದು ವಿಚಾರಿಸಿ, ಸಂಘದ ಸಮಿತಿಗೆ ಅವರನ್ನು ಕರೆಯಬಹುದು. ಈ ವರ್ಷ ಯಾವ ಮನೆಯ ಮಗುವಿಗೆ ಪುಸ್ತಕ ತಲುಪಬೇಕೆಂಬುದನ್ನು ಅವರೇ ಹೇಳಲಿ. ನಮಗಿಂತ ಅವರು ಅದನ್ನು ಚೆನ್ನಾಗಿ ಬಲ್ಲರು.